ಸಂದಿಲ್ಲದ ಕತ್ತಿ

ಆಲೆಟ್ಟಿ, ಸುಳ್ಯ ತಾಲೂಕು
9-3-2025

ಪ್ರೀತಿಯ ಮಗ ರೂಪೇಶ,

ಎಲ್ಲಿದ್ದರೂ ಹೇಗಿದ್ದರೂ ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ. ಮೈ ಹೇಗುಂಟು? ಕಳೆದ ಸಲ ನಿನ್ನನ್ನು ನೋಡಿ ಬಂದ ಭವಿತಾ, ಬೆನ್ನಿನ ತುಂಬ ಬೆವರುಸಾಲೆ ಎದ್ದಿದೆ, ಕೆರೆದು ಕೆರೆದು ಗಾಯ ಮಾಡಿಕೊಂಡಿದ್ದಾರೆ ಎಂದಳು. ಬೇಸಗೆ ಬಂತೆಂದರೆ ಚಿಕ್ಕಂದಿನಿಂದಲೂ ನಿನಗೆ ಅದೇ ಕಾಟ. ಆಗ ಕಹಿಬೇವಿನ ಸೊಪ್ಪು ಅರೆದು ಹಚ್ಚಿದರೆ ನಿದ್ದೆ ಬರುತ್ತಿತ್ತು. ಜೈಲಿನ ಅಂಗಳದಲ್ಲಿ ಬೇವಿನ ಮರ ಇದ್ದರೂ ಅರೆದು ಹಚ್ಚುವವರು ಯಾರು? ಕೆರೆಯಬೇಡ, ಬಟ್ಟೆ ಒದ್ದೆ ಮಾಡಿ ಇಟ್ಟುಕೋ. ಹೊಟ್ಟೆಯ ಉರಿಗೆ ಡಾಕ್ಟರ್ ಕೊಟ್ಟ ಮಾತ್ರೆಯನ್ನು ಊಟಕ್ಕೆ ಮೊದಲು ನುಂಗಬೇಕಂತೆ, ಮರೆಯಬೇಡ.

ನನ್ನ ಮೊಣಕಾಲು ಹಾಗೇ ಉಂಟು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ, ಅಷ್ಟೇ. ಈ ಸಲ ಗೇರು ಚೆನ್ನಾಗಿ ಹೂ ಬಿಟ್ಟಿದೆ. ತೋಟದ ಪಂಪು ಸುಟ್ಟುಹೋಗಿ ರಿಪೇರಿಗೆ ಕೊಟ್ಟಾಗಿದೆ. ಭವಿತಾ ಸುಳ್ಯದ ಬಟ್ಟೆ ಅಂಗಡಿಯ ಕೆಲಸ ಬಿಡಲಿಲ್ಲ. ರಜೆ ಸಿಕ್ಕಿದಾಗಲೆಲ್ಲ ಬಸ್ಸು ಹತ್ತಿ ಪುತ್ತೂರಿಗೆ ಹೋಗಿ ವಕೀಲರನ್ನು ಕಂಡು ಬರುತ್ತಾಳೆ. ಕಡಬದಿಂದ ಅವಳ ಅಣ್ಣ ಬಂದು, ಇಲ್ಲಿ ಯಾಕೆ ಕೊಳೆಯುತ್ತೀ, ನಮ್ಮಲ್ಲಿ ಬಂದು ಇದ್ದುಬಿಡು ಎಂದು ಕರೆದ. ಅವಳು ಅವನಿಗೆ ಚಹಾ ಕೊಟ್ಟು ಕಳಿಸಿದಳು. ಅಂಥ ಹೆಂಡತಿ ನಿನಗೆ ಸಿಕ್ಕಿದ್ದಾಳೆ. ನಿನಗೆ ಯಾವಾಗಲೂ ಒಳ್ಳೆಯದೇ ಸಿಕ್ಕಿದ್ದು ಮಗಾ, ನಾನು ಯೋಚನೆ ಮಾಡಿ ನೋಡಿದೆ.

ಅಪ್ಪನ ಸಂಗತಿಯನ್ನು ಭವಿತಾ ನಿನ್ನಲ್ಲಿ ಹೇಳುವುದಿಲ್ಲ. ನೀನು ಗಾಜಿನ ಆಚೆ ಕೂತು ‘ಅಪ್ಪ ಹೇಗಿದ್ದಾರೆ’ ಎಂದು ಕೇಳಿದರೆ ‘ಆರಾಮಿದ್ದಾರೆ’ ಎಂದು ಅವಳು ಹೇಳಬೇಕು, ಇನ್ನೇನು ಹೇಳಿಯಾಳು? ಹಾಗಾಗಿ ನಾನು ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ಬರಲಿ. ನಿನಗೆ ಗೊತ್ತಿರುವುದು ನಿನ್ನ ಕಡೆಯಿಂದ ಕಂಡದ್ದು, ನಾನಿದ್ದದ್ದು ಈಚೆ ಕಡೆಯಲ್ಲಿ.

ಮಡಚುಕತ್ತಿಯ ಹುಚ್ಚು ಅಪ್ಪನಿಗೆ ನೀನು ಹುಟ್ಟುವ ಮೊದಲೇ ಇತ್ತು. ತೋಟದ ಕೆಲಸ ಮುಗಿಸಿ, ಮಿಂದು, ದನದ ಹಟ್ಟಿಯ ಪಕ್ಕದ ಮಾಡಿನ ಅಡಿಯಲ್ಲಿ ಕೂತರೆ ಕರೆದರೂ ಕಿವಿ ಕೇಳುತ್ತಿರಲಿಲ್ಲ. ಮರದ ಮಿಲ್ಲಿನಿಂದ ತಂದ ಹಳೆಯ ಗರಗಸದ ತುಂಡಿನಿಂದ ಅಲಗು, ಹುಣಸೆಯ ತಿರುಳಿನಿಂದ ಹಿಡಿ, ಹಿತ್ತಾಳೆಯ ಮೊಳೆ. ಅದು ದೇವರ ಮುಂದೆ ಇಡುವ ಸಾಮಾನಲ್ಲ. ಕಿಸೆಯಲ್ಲಿ ಹಾಕಿಕೊಂಡು ತೋಟಕ್ಕೆ ಹೋಗಿ ಹುರಿ ಕೊಯ್ಯುವುದಕ್ಕೆ, ಕರಿಮೆಣಸಿನ ಬಳ್ಳಿ ಸವರುವುದಕ್ಕೆ, ಬಾಯಾರಿದರೆ ಒಂದು ಮಾವಿನಕಾಯಿ ಹೆಚ್ಚುವುದಕ್ಕೆ ಇರುವ ಕತ್ತಿ. ಆದರೂ ಒಂದೊಂದಕ್ಕೆ ಅವರು ಹಿಡಿಯುತ್ತಿದ್ದ ಸಮಯ ನೋಡಿದರೆ ನನಗೇ ಸಿಟ್ಟು ಬರುತ್ತಿತ್ತು. ಮುಗಿದ ಕತ್ತಿಯನ್ನು ಬಾಗಿಲ ಬೆಳಕಿಗೆ ಹಿಡಿಯುವುದು. ಹಿಡಿಗೂ ಅದರ ಬೆನ್ನಿಗೆ ಕೂರಿಸಿದ ಲೋಹದ ಪಟ್ಟಿಗೂ ನಡುವೆ ಕೂದಲೆಳೆಯಷ್ಟು ಬೆಳಕು ತೂರಿ ಬಂದರೆ ಮೊಳೆ ಕಿತ್ತು ಮತ್ತೆ ಮೊದಲಿನಿಂದ. ನನ್ನ ಹಳೆಯ ರೇಷ್ಮೆ ರವಕೆಯ ತುಂಡೊಂದನ್ನು ಇಟ್ಟುಕೊಂಡಿದ್ದರು. ಹಿಡಿಯನ್ನು ಅದರ ಮೇಲೆ ಎಳೆದಾಗ ಒಂದು ಎಳೆ ಸಿಕ್ಕಿಕೊಂಡರೂ ಅವತ್ತು ಊಟಕ್ಕೆ ಎದ್ದು ಬರುತ್ತಿರಲಿಲ್ಲ. ಹೆಸರು ಹೊಡೆಯಿರಿ ಎಂದರೆ, ನೋಡಿ ಗೊತ್ತಾಗದಿದ್ದವನಿಗೆ ಹೆಸರು ಓದಿ ಎಂತ ಗೊತ್ತಾಗುದು ಎಂದು ನಗುತ್ತಿದ್ದರು.

ನೀನೂ ಶೈಲೇಶನೂ ಜಾಲ್ಸೂರಿನಲ್ಲಿ ಕೃಷಿ ಸಾಮಾನಿನ ಅಂಗಡಿ ಹಾಕಿದ ಹೊಸತು. ಇಬ್ಬರೂ ನಮ್ಮ ಜಗಲಿಯಲ್ಲಿ ಊಟ ಮಾಡಿ ಕೂತಿದ್ದಿರಿ. ಅಪ್ಪ ಒಂದು ಹಿಡಿಗೆ ಮರಳುಕಾಗದ ಉಜ್ಜುತ್ತಿದ್ದರು. ನೀನು ಹೇಳಿದೆ, “ಅಪ್ಪ, ಗೋಣಿಯ ಹುರಿ ತುಂಡು ಮಾಡ್ಲಿಕ್ಕೆ ಇಷ್ಟೊಂದು ಫಿನಿಶಿಂಗ್ ಯಾರಿಗೆ ಬೇಕು? ಕೊಯ್ದರೆ ಸಾಕಲ್ಲ. ಬೇಗ ಬೇಗ ಮಾಡಿ, ಅಂಗಡಿಯಲ್ಲಿ ಇಡುವ.” ಅವರು ತಲೆ ಎತ್ತದೆ, “ಕೊಯ್ಯುದು ಎಲ್ಲ ಕತ್ತಿಯೂ ಕೊಯ್ತದೆ. ಮೊಳೆ ಸಡಿಲ ಇದ್ದದ್ದು ಹುರಿಯನ್ನೂ ಕೊಯ್ತದೆ, ಹಿಡಿದವನ ಕೈಯನ್ನೂ ಕೊಯ್ತದೆ” ಎಂದರು. ನೀನು ನಕ್ಕೆ. ಶೈಲೇಶ ನಗಲಿಲ್ಲ. “ನಂಗೊಂದು ಮಾಡಿ ಕೊಡಿ ಮಾವ, ಎಷ್ಟು ಸಮಯ ಆದ್ರೂ ಅಡ್ಡಿಲ್ಲ” ಎಂದು ಅವರ ಹತ್ತಿರ ಹೋಗಿ ಕೂತ. ಆ ಹುಡುಗನಿಗೆ ಅಪ್ಪ ಇರಲಿಲ್ಲ. ನಿನ್ನ ಅಪ್ಪನನ್ನು ಅವನು ನೋಡುತ್ತಿದ್ದ ರೀತಿ ನೋಡಿದರೆ ಕೆಲವೊಮ್ಮೆ ನನಗೆ ಪಾಪ ಅನ್ನಿಸುತ್ತಿತ್ತು.

ಎಲ್ಲಿಂದಲೋ ಅಗ್ಗದ ಕತ್ತಿಗಳನ್ನು ತರಿಸಿ, ‘ಆಲೆಟ್ಟಿ ಗುರುವಪ್ಪನ ಕತ್ತಿ’ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿ ಮಾರುವ ಬುದ್ಧಿ ನಿನ್ನದೇ. ನಮಗೆ ಅದು ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಾದದ್ದು ತ್ಯಾಂಪಣ್ಣ ಬಂದ ದಿನ. ರಬ್ಬರು ಟ್ಯಾಪಿಂಗಿನ ನಮ್ಮ ತ್ಯಾಂಪಣ್ಣ, ನೀನು ಹುಟ್ಟಿದಾಗ ಪೇಟೆಯಿಂದ ನನಗೆ ಔಷಧಿ ಹೊತ್ತು ತಂದ ಮನುಷ್ಯ. ಬಾಳೆಗೊನೆಗೆ ಕಟ್ಟಿದ ಹಗ್ಗ ಕೊಯ್ಯುವಾಗ ಅಲಗು ಹಿಂದಕ್ಕೆ ಮಡಚಿಕೊಂಡು ತೋರುಬೆರಳಿನ ನರ ತುಂಡಾಗಿತ್ತು. ಇನ್ನು ಆ ಬೆರಳು ಬಗ್ಗುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಬೆರಳು ಬಗ್ಗದಿದ್ದರೆ ಟ್ಯಾಪಿಂಗ್ ಕತ್ತಿ ಹಿಡಿಯುವುದು ಹೇಗೆ? ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಬಂದು ಕತ್ತಿಯನ್ನು ಜಗಲಿಯ ಮೇಲಿಟ್ಟ. ಬೈಯಲಿಲ್ಲ. “ನಿಮ್ಮದು ಅಂತ ನೋಡಿಯೂ ನೋಡದೆ ತಗೊಂಡೆ ಗುರುವಪ್ಪಣ್ಣ” ಎಂದ.

ಅಪ್ಪ ಕತ್ತಿಯನ್ನು ಕೈಗೆತ್ತಿಕೊಳ್ಳಲೂ ಇಲ್ಲ, ನೋಡಿದ ಕೂಡಲೇ ತನ್ನದಲ್ಲವೆಂದು ಅವರಿಗೆ ಗೊತ್ತಾಯಿತು. ಅವರು ಬಾಯಿ ತೆರೆಯುವಷ್ಟರಲ್ಲಿ ನೀನು ಒಳಗಿಂದ ಬಂದೆ. ನಿನ್ನ ಹಿಂದೆ ಶೈಲೇಶ. ನೀನು ಹೇಳಿದ ಮಾತು ಒಂದಕ್ಷರ ಬಿಡದೆ ನನಗೆ ನೆನಪುಂಟು. “ಅಪ್ಪನಿಗೆ ಈಗ ಕಣ್ಣು ಸರಿ ಕಾಣುದಿಲ್ಲ ತ್ಯಾಂಪಣ್ಣ. ಕೈಯೂ ನಡುಗ್ತದೆ. ಇನ್ನು ಮಾಡ್ಬೇಡಿ ಅಂತ ಎಷ್ಟು ಹೇಳಿದ್ರೂ ಕೇಳುದಿಲ್ಲ.” ಅಪ್ಪ ನಿನ್ನನ್ನು ನೋಡಿದರು. ಆಮೇಲೆ ತ್ಯಾಂಪಣ್ಣನ ಕಡೆಗೆ ತಿರುಗಿ, “ತಪ್ಪಾಯ್ತು ಮಾರಾಯ” ಎಂದು ಕೈಮುಗಿದರು. ಎಂದೂ ನಡುಗದ ಆ ಕೈ ಆಗ ನಡುಗಿದ್ದನ್ನು ನಾನು ನೋಡಿದೆ. ನೀನೂ ನೋಡಿದೆ. ಊಟಕ್ಕೆ ಕೂತಾಗ, ಅದು ನಿಜವಾಗಿಯೂ ನಿಮ್ಮದಾ ಎಂದು ನಾನು ಕೇಳಿದೆ. “ಅವನು ಹೇಳಿದ ಅಲ್ವಾ, ನಂದೇ ಇರ್ಬೇಕು” ಎಂದರು. ಅನ್ನ ಕಲಸಿಟ್ಟು ಹಾಗೇ ಎದ್ದರು.

ಆಮೇಲೆ ಒಂದು ದಿನ ಶೈಲೇಶ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. ಜಗಲಿಯಿಂದ ಬರಲಿಲ್ಲ, ಹಿಂದಿನಿಂದ ಸುತ್ತಿ ಬಂದ. ಮಜ್ಜಿಗೆ ಕೊಟ್ಟೆ, ಕುಡಿಯದೆ ಲೋಟ ಹಿಡಿದುಕೊಂಡೇ ಎಲ್ಲ ಹೇಳಿದ. ಪೆಟ್ಟಿಗೆಯ ಸಂಗತಿ, ತರಿಸಿದ ಸಂಗತಿ, ಬೇಡವೆಂದರೂ ನೀನು ಕೇಳದ ಸಂಗತಿ, ತಾನು ಬಾಯಿ ಮುಚ್ಚಿಕೊಂಡಿದ್ದ ಸಂಗತಿ. “ಮಾವನ ಮುಖ ನೋಡ್ಲಿಕ್ಕೆ ಆಗುದಿಲ್ಲ ನಂಗೆ ಅತ್ತೆ. ಇವತ್ತು ರೂಪೇಶನ ಹತ್ರ ಹೇಳ್ತೇನೆ, ನಾಳೆ ತ್ಯಾಂಪಣ್ಣನ ಮನೆಗೆ ಹೋಗ್ತೇನೆ. ಅವ ಬಂದರೂ ಸರಿ, ಬಾರದಿದ್ದರೂ ಸರಿ.” ಒಳ್ಳೆಯದು ಹೋಗು ಮಗಾ ಎಂದೆ. ನಾಳೆ ಅವನಿಗೆ ಸಿಗಲಿಲ್ಲ.

ಅವತ್ತೇ ಸಂಜೆ ಅಂಗಡಿಯ ಹಿಂದೆ ಕೈಕಾಲು ತೊಳೆಯುವ ಜಾಗದಲ್ಲಿ ಅವನು ಕತ್ತಿಯ ಇರಿತದಿಂದ ಬಿದ್ದಿದ್ದನ್ನು ಮೊದಲು ನೋಡಿದ್ದು ಪಕ್ಕದ ಬೇಕರಿಯ ಮುಸ್ತಫಾ. ತನ್ನ ವ್ಯಾನಿಗೆ ಅವನೇ ಎತ್ತಿ ಹಾಕಿಕೊಂಡು ಓಡಿಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಬೇಕರಿಯ ಹಿಂಬಾಗಿಲನ್ನು ಮುಸ್ತಫಾ ಈಗಲೂ ತೆರೆಯುವುದಿಲ್ಲವಂತೆ. ಅದೇ ಹೊತ್ತಿಗೆ ನೀನು ಮನೆಗೆ ಬಂದೆ. ಮಿಂದೆ. ಕುಚ್ಚಲಕ್ಕಿ ಅನ್ನಕ್ಕೆ ನಾನು ಒಣ ಸಿಗಡಿಯ ಚಟ್ನಿ ಮಾಡಿದ್ದೆ. “ಇನ್ನು ಸ್ವಲ್ಪ ಹಾಕಮ್ಮ” ಎಂದು ಎರಡನೇ ಸಲ ಬಡಿಸಿಕೊಂಡು ತಿಂದೆ. ಆ ಊಟ ನಿನಗೆ ಹೇಗೆ ಇಳಿಯಿತು ಎಂದು ನಾನು ದೇವರ ಹತ್ತಿರವೂ ಕೇಳಿ ಆಯಿತು.

ಮರುದಿನ ಮೋರಿಯ ಅಡಿಯಲ್ಲಿ ಕತ್ತಿ ಸಿಕ್ಕಿತು. ಪೊಲೀಸರು ನಿನ್ನನ್ನು ಕರೆದುಕೊಂಡು ಹೋದರು. ಅದು ನನ್ನದಲ್ಲ, ನನ್ನದು ಎಂದೋ ಕಳೆದುಹೋಗಿದೆ, ಇದು ಎಲ್ಲ ಅಂಗಡಿಯಲ್ಲೂ ಸಿಗುವ ಮಾಲು, ತೋಟಕ್ಕೆ ಹೋಗುವ ಪ್ರತಿಯೊಬ್ಬನ ಕಿಸೆಯಲ್ಲೂ ಇಂಥದ್ದು ಉಂಟು ಎಂದು ನೀನು ಹೇಳಿದೆಯಂತೆ. ಜಾಣ. ಗುರುತಿಲ್ಲ, ಹೆಸರಿಲ್ಲ, ನೋಡಿದವರಿಲ್ಲ.

ಸ್ಟೇಷನ್ನಿನಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಅಪ್ಪನನ್ನೂ ನನ್ನನ್ನೂ ಕರೆಸಿದ್ದರು. ಎಸ್ಸೈ ಬಹಳ ಮರ್ಯಾದೆಯ ಮನುಷ್ಯ, ಕುರ್ಚಿ ಹಾಕಿಸಿದ, ಚಹಾ ತರಿಸಿದ. ಕತ್ತಿಯನ್ನು ಪ್ಲಾಸ್ಟಿಕ್ಕಿನ ಒಳಗೇ ಮೇಜಿನ ಮೇಲಿಟ್ಟ. “ಗುರುವಪ್ಪಣ್ಣ, ಇದು ಸಂತೆಯ ಮಾಲು ಅಂತ ನಿಮ್ಮ ಮಗ ಹೇಳ್ತಾನೆ. ನಂಗೂ ಹಾಗೇ ಕಾಣ್ತದೆ. ನೀವು ಕತ್ತಿ ಮಾಡುವವರಲ್ವಾ, ಒಮ್ಮೆ ನೋಡಿ ಹೇಳಿದ್ರೆ ಮುಗೀತು.” ತನ್ನದೇ ಎಂದು ಅಪ್ಪನಿಗೆ ಗೊತ್ತಾಗಿತ್ತು, ಬಾಯಿ ಬಿಗಿಹಿಡಿದು ಕೂತಿದ್ದರು. ಎಸ್ಸೈ ಆಮೇಲೆ ಹತ್ತಿರ ನಿಂತಿದ್ದ ಪೊಲೀಸಿನ ಹತ್ತಿರ ಸುಮ್ಮನೆ ಮಾತಾಡಿದ ಹಾಗೆ ಹೇಳಿದ, “ಎಂಥ ಕಳಪೆ ಕೆಲಸ ನೋಡು, ಹಿಡಿ ಒಂದು ಕಡೆ, ಅಲಗು ಒಂದು ಕಡೆ. ಯಾರೋ ಕುಡುಕ ಕೂತು ಮಾಡಿದ ಹಾಗುಂಟು.” ಆ ಪೊಲೀಸು ಹಲ್ಲುಬಿಟ್ಟ. ಅಪ್ಪ ತಲೆ ಎತ್ತಿದರು. “ಕಳಪೆ ಎಲ್ಲಿ ಉಂಟು, ತೋರಿಸಿ ನೋಡುವ” ಎಂದರು. “ಇಲ್ಲಿ ಸಂದು ಕಾಣ್ತದಲ್ಲ” ಎಂದು ಎಸ್ಸೈ ಎಲ್ಲಿಗೋ ಬೆರಳು ತೋರಿಸಿದ. “ಸಂದಾ? ಆ ಟ್ಯೂಬ್‌ಲೈಟಿಗೆ ಹಿಡೀರಿ. ಎಲ್ಲಿಯಾದ್ರೂ ಬೆಳಕು ಬಂತಾ? ಬರುದಿಲ್ಲ. ಮೊಳೆಯ ತಲೆಯ ಮೇಲೆ ಉಗುರು ಎಳೀರಿ, ಮರ ಎಲ್ಲಿ ಮುಗೀತು ಹಿತ್ತಾಳೆ ಎಲ್ಲಿ ಶುರುವಾಯ್ತು ಅಂತ ಕಣ್ಣು ಮುಚ್ಚಿ ಹೇಳಿ ನೋಡುವ. ರಾತ್ರಿಯಿಡೀ ನೀರಿನಲ್ಲಿ ಬಿದ್ದೂ ಹಿಡಿ ಬಿಟ್ಟಿದೆಯಾ? ಇದನ್ನು ಕಳಪೆ ಅಂದ್ರೆ…”

ನಾನು ಅವರ ತೋಳು ಹಿಡಿದು ಎಳೆದೆ. ಆಗ ಅವರಿಗೆ ತಿಳಿಯಿತು. ಬಾಯಿ ಹಾಗೇ ತೆರೆದಿತ್ತು. ಎಸ್ಸೈ ಮೆಲ್ಲನೆ, “ಹಾಗಾದ್ರೆ ಇಷ್ಟು ಒಳ್ಳೆಯ ಕೆಲಸ ಯಾರದ್ದು ಗುರುವಪ್ಪಣ್ಣ?” ಎಂದು ಕೇಳಿದ. ಅಪ್ಪ ಇಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. “ನಂದು. ಮಗನ ಮದುವೆಗೆ ಮಾಡಿದ್ದು” ಎಂದರು. ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ.

ಒಂದು ಮಾತು ಕೇಳುತ್ತೇನೆ ರೂಪೇಶ. ಫಿನಿಶಿಂಗ್ ಯಾರಿಗೆ ಬೇಕು ಎಂದು ಊರಿಡೀ ಹೇಳಿಕೊಂಡು ತಿರುಗಿದವನು ನೀನು. ನಿನ್ನ ಅಂಗಡಿಯಲ್ಲಿ ರಾಶಿ ರಾಶಿ ಆ ಅಗ್ಗದ ಕತ್ತಿಗಳಿದ್ದುವು. ತ್ಯಾಂಪಣ್ಣನಿಗೆ ಕೊಟ್ಟದ್ದು ಅದನ್ನೇ. ಹಾಗಾದರೆ ನಿನ್ನ ಸ್ವಂತ ಕಿಸೆಯಲ್ಲಿ ಅಪ್ಪ ಮಾಡಿದ್ದನ್ನೇ ಯಾಕೆ ಇಟ್ಟುಕೊಂಡಿದ್ದೆ? ನಿನ್ನ ಬೆರಳು ನಿನಗೆ ಬೇಕಿತ್ತು, ಅದಕ್ಕೆ. ಕೊಯ್ದರೆ ಸಾಕು ಎಂಬುದು ಬೇರೆಯವರ ಕಿಸೆಗೆ ಮಾತ್ರ. ಅವತ್ತು ಸಂಜೆ ನಿನ್ನ ಕೈಗೆ ಸಿಕ್ಕಿದ್ದು ನೀನು ಮಾರುವ ಕತ್ತಿ ಆಗಿದ್ದರೆ ಅದು ಅಲ್ಲೇ ಮಡಚಿಕೊಳ್ಳುತ್ತಿತ್ತು, ನಿನ್ನ ಕೈಯೇ ಹರಿಯುತ್ತಿತ್ತು, ಶೈಲೇಶ ಬದುಕಿರುತ್ತಿದ್ದ. ಅಪ್ಪನ ಕತ್ತಿ ಮಡಚಿಕೊಳ್ಳುವುದಿಲ್ಲ. ಇದನ್ನು ನಾನು ಯೋಚನೆ ಮಾಡಿದ್ದಲ್ಲ. ಅಪ್ಪ ಒಂದು ಮಧ್ಯಾಹ್ನ ಬಾವಿಕಟ್ಟೆಯಲ್ಲಿ ಕೂತು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು.

ಪೊಲೀಸರ ಎದುರು ಹೇಳಿದ್ದು ಲೆಕ್ಕಕ್ಕಿಲ್ಲ, ಕೋರ್ಟಿನಲ್ಲಿ ಹೇಳುವುದು ಮಾತ್ರ ಲೆಕ್ಕ ಎಂದು ಪುತ್ತೂರಿನ ವಕೀಲರು ಭವಿತಾಳಿಗೆ ಧೈರ್ಯ ಕೊಟ್ಟರು. ಅಪ್ಪ ಕಟಕಟೆಯಲ್ಲಿ ನಿಂತು, ಇದು ನನ್ನದಲ್ಲ, ನನ್ನ ಕೆಲಸ ಇಷ್ಟು ನಯ ಇರುವುದಿಲ್ಲ, ಸ್ಟೇಷನ್ನಿನಲ್ಲಿ ಹೆದರಿ ಏನೋ ಹೇಳಿದೆ ಎಂದರೆ ಸಾಕಂತೆ. ಅದಕ್ಕೆ ಪಾಠ ಶುರುವಾಯಿತು. ಭವಿತಾ ಕೆಲಸದಿಂದ ಬಂದು ಮುಖ ತೊಳೆದು, ಮನೆಯಲ್ಲಿದ್ದ ಅವರದ್ದೇ ಇನ್ನೊಂದು ಕತ್ತಿ ಹಿಡಿದು ಅವರ ಎದುರು ಕೂರುತ್ತಿದ್ದಳು. “ಇದು ಯಾರದ್ದು ಮಾವ?” ಮೊದಮೊದಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ‘ನನ್ನದಲ್ಲ’ ಎಂದು ಬಾಯಿ ಹೇಳುವಾಗ ಹೆಬ್ಬೆರಳು ಹಿಡಿಯನ್ನು ಸವರುತ್ತಿತ್ತು. “ಕೈ ಹಾಗೆ ಮಾಡ್ಬಾರ್ದು ಮಾವ, ಜಡ್ಜು ನೋಡ್ತಾರೆ. ಇನ್ನೊಮ್ಮೆ.” ಅವರು ಇನ್ನೊಮ್ಮೆ ಹೇಳುತ್ತಿದ್ದರು. ಭವಿತಾಳನ್ನು ನಾನು ದೂರುವುದಿಲ್ಲ. ಗಂಡನನ್ನು ಮನೆಗೆ ತರಬೇಕೆಂದು ಹೊರಟ ಹೆಂಗಸು ಅವಳು, ಒಂದೊಂದು ದಿನ ಪಾಠ ಮುಗಿಸಿ ಹಿತ್ತಲಿಗೆ ಹೋಗಿ ಅಳುತ್ತಿದ್ದಳು.

ಅದರಲ್ಲೂ ಮುಗಿಯಲಿಲ್ಲ. ಬಾಯಿಮಾತು ಸಾಲದು, ಅವರ ಕೆಲಸ ಸಾಧಾರಣ ಎಂದು ತೋರಿಸಲಿಕ್ಕೆ ಮನೆಯಲ್ಲಿ ಏನಾದರೂ ಉಂಟಾ ಎಂದು ವಕೀಲರು ಕೇಳಿದರಂತೆ. ನಮ್ಮಲ್ಲಿ ಅಂಥದ್ದು ಎಲ್ಲಿಂದ ಬರಬೇಕು? ಮನೆಯಲ್ಲಿದ್ದ ಒಳ್ಳೆಯ ಕತ್ತಿಗಳನ್ನೆಲ್ಲ ಭವಿತಾಳ ಅಣ್ಣ ಚೀಲಕ್ಕೆ ಹಾಕಿ ಕಡಬಕ್ಕೆ ಕೊಂಡುಹೋದ. ಕೆಟ್ಟದ್ದನ್ನು ಅಪ್ಪನೇ ಮಾಡಬೇಕಾಯಿತು.

ಅದನ್ನು ನೀನು ನೋಡಬೇಕಿತ್ತು. ಇಷ್ಟೆಲ್ಲ ಆದ ಮೇಲೆ ಅವರು ಮತ್ತೆ ಆ ಮಾಡಿನ ಅಡಿಗೆ ಹೋಗಿ ಕೂತದ್ದು ಅದೇ ಮೊದಲು. ಹಿಡಿಯನ್ನು ಬೇಕೆಂದೇ ಓರೆಯಾಗಿ ಕೊಯ್ದರು. ಜೋಡಿಸುವಾಗ ಕೈ ತನ್ನಷ್ಟಕ್ಕೇ ಅರ ತೆಗೆದು ಅದನ್ನು ಸರಿ ಮಾಡಿತು. ತಿಳಿದ ಕೂಡಲೇ ಅರವನ್ನು ದೂರ ಬಿಸಾಡಿ ಕಲ್ಲಿನಿಂದ ಜಜ್ಜಿದರು. ಮೊಳೆ ಸಡಿಲ ಬಿಟ್ಟರು. ಹೊಳೆಯುವ ಅಲಗನ್ನು ಅಂಗಳದ ಜಲ್ಲಿಗೆ ಉಜ್ಜಿದರು. ನಾನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮಗುವಿಗೆ ಹೊಡೆಯುವವರ ಮುಖ ಹಾಗಿರುತ್ತದೆ. ಸಂಜೆ ಭವಿತಾ ಬಂದಾಗ ಅವಳ ಮುಂದೆ ಇಟ್ಟು, “ಸಾಕಾ?” ಎಂದು ಕೇಳಿದರು. ಅವಳು ತೆರೆದು ಮುಚ್ಚಿ ನೋಡಿ, “ಇನ್ನೂ ಸ್ವಲ್ಪ ಹಾಳಾಗ್ಬೇಕು ಮಾವ” ಎಂದಳು. ಅವರು ತಲೆಯಾಡಿಸಿ ಮತ್ತೆ ಹೋಗಿ ಕೂತರು.

ಈಗ ಅವರಿಗೆ ಎಲ್ಲ ಬರುತ್ತದೆ. ಕೆಟ್ಟ ಕತ್ತಿ ಮಾಡುವುದೂ ಬರುತ್ತದೆ, ಸುಳ್ಳು ಹೇಳುವುದೂ ಬರುತ್ತದೆ. ವಕೀಲರು ಒಮ್ಮೆ ಆಫೀಸಿಗೆ ಕರೆಸಿ ಪರೀಕ್ಷೆ ಮಾಡಿ ಬೆನ್ನು ತಟ್ಟಿ ಕಳಿಸಿದರು. ಹೆಬ್ಬೆರಳು ಅಲುಗಾಡುವುದಿಲ್ಲ. ಮೊನ್ನೆ ಪಕ್ಕದ ಮನೆಯ ದೇರಣ್ಣ ಎಂದಿನಂತೆ ಅಲಗು ಮಸೆಯಲಿಕ್ಕೆಂದು ತನ್ನ ಕತ್ತಿ ತಂದ, ಅಪ್ಪನೇ ಮಾಡಿ ಕೊಟ್ಟದ್ದು. ಅಪ್ಪ ಅದನ್ನು ನೋಡಿ, “ಇದು ನಂದಲ್ಲ ದೇರಣ್ಣ, ನಂಗೆ ಇಷ್ಟು ನಯ ಮಾಡ್ಲಿಕ್ಕೆ ಬರುದಿಲ್ಲ” ಎಂದರು. ದೇರಣ್ಣ ತಮಾಷೆ ಎಂದು ನಕ್ಕ. ಅಪ್ಪ ನಗದೆ ನೋಡುತ್ತಲೇ ಇದ್ದರು. ಆಮೇಲೆ ದೇರಣ್ಣನೂ ನಗು ನಿಲ್ಲಿಸಿ, ಕತ್ತಿ ಮಡಚಿ ಕಿಸೆಗೆ ಹಾಕಿ, ನನ್ನ ಮುಖ ನೋಡಿ ಹೋದ. ತಮಾಷೆಗೆ ಹೇಳಿದ್ದೋ ನಿಜವಾಗಿಯೂ ಹಾಗೆಂದು ನಂಬಿದ್ದೋ ನನಗೂ ತಿಳಿಯಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.

ಹಾಲಿನ ಸೊಸೈಟಿಯಲ್ಲಿ ಶೈಲೇಶನ ಅಮ್ಮ ಸಿಕ್ಕಿದರು. ನಾನು ಬದಿಗೆ ಸರಿದು ಹೋಗುವವಳಿದ್ದೆ, ಅವರೇ ಹತ್ತಿರ ಬಂದರು. ಬಹಳ ಇಳಿದುಹೋಗಿದ್ದಾರೆ, ಬಳೆ ಮೊಣಕೈಯ ತನಕ ಜಾರುತ್ತದೆ. “ಗುರುವಪ್ಪಣ್ಣ ಊಟ ಮಾಡ್ತಾರಾ?” ಎಂದು ಕೇಳಿದರು. ಮಾಡುತ್ತಾರೆ ಎಂದೆ. “ಕೋರ್ಟಿನಲ್ಲಿ ಎಂತ ಹೇಳ್ತೀರಿ ಅಂತ ನಾನು ಕೇಳುದಿಲ್ಲ ದುಗ್ಗಮ್ಮಕ್ಕ. ನಿಮಗೂ ಒಬ್ಬನೇ. ನಂಗೆ ಒಂದು ಗೊತ್ತಾದ್ರೆ ಸಾಕಿತ್ತು. ಅವ ಎಂತ ತಪ್ಪು ಮಾಡಿದ್ದು? ಹೆಣ್ಣಿನ ವಿಷಯವಾ, ಕುಡಿದು ಜಗಳ ಮಾಡಿದ್ನಾ? ಜನ ಒಂದೊಂದು ಹೇಳ್ತಾರೆ. ನಾನು ಎಲ್ಲವನ್ನೂ ನಂಬುದು, ಎಲ್ಲದಕ್ಕೂ ಅಳುದು.” ಉತ್ತರ ನನ್ನ ನಾಲಿಗೆಯಲ್ಲೇ ಇತ್ತು. ತಪ್ಪು ಮಾಡಲಿಲ್ಲ, ಸರಿ ಮಾಡಲು ಹೊರಟಿದ್ದ ಎಂದು ಹೇಳಿದರೆ ಅಷ್ಟೇ ಸಾಕಿತ್ತು. ಹಾಲಿನ ಪಾತ್ರೆ ಹಿಡಿದುಕೊಂಡು ಸುಮ್ಮನೆ ನಿಂತೆ. ಅವರೇ ನನ್ನ ಕೈ ಸವರಿ, ಮೊಣಕಾಲು ನೋಯುತ್ತದಾ, ಮೆಲ್ಲ ಹೋಗಿ ಎಂದು ಕಳಿಸಿಕೊಟ್ಟರು.

ಈ ತಿಂಗಳ ಕೊನೆಗೆ ಅಪ್ಪನ ಸಾಕ್ಷಿ. ಕತ್ತಿಯ ಗುರುತು ನಿಲ್ಲದಿದ್ದರೆ ಕೇಸಿನಲ್ಲಿ ಮತ್ತೇನೂ ಉಳಿಯುವುದಿಲ್ಲ, ಮಾವಿನಹಣ್ಣಿನ ಕಾಲಕ್ಕೆ ನೀನು ಮನೆಗೆ ಬಂದುಬಿಡುತ್ತೀ ಎಂದು ವಕೀಲರು ಹೇಳಿದ್ದಾರಂತೆ. ಭವಿತಾ ನಿನಗೆ ಒಂದು ನೀಲಿ ಅಂಗಿ ಈಗಲೇ ತೆಗೆದಿಟ್ಟಿದ್ದಾಳೆ. ನಿನ್ನ ಕೋಣೆಗೆ ಸುಣ್ಣ ಹೊಡೆಸುವ ಎಂದಳು. ನಾನು ಹೂಂ ಎಂದೆ.

ಬಿಸಿಲು ಜೋರಾಗುತ್ತಿದೆ, ನೀರು ಕುಡಿ. ಅಲ್ಲಿ ನಿನ್ನ ಜೊತೆ ಇರುವವರಿಗೂ ಅಮ್ಮಂದಿರು ಇದ್ದಾರು, ಅವರೊಂದಿಗೆ ಜಗಳ ಮಾಡಬೇಡ. ಭವಿತಾ ನೆನಪು ಹೇಳಲು ಹೇಳಿದ್ದಾಳೆ. ಅಪ್ಪನ ಹತ್ತಿರ, ರೂಪೇಶನಿಗೆ ಬರೆಯುತ್ತಿದ್ದೇನೆ, ಏನಾದರೂ ಬರೆಯಬೇಕಾ ಎಂದು ಕೇಳಿದೆ. “ಚಳಿ ಉಂಟಾ ಅಂತ ಕೇಳು” ಎಂದರು. ಮಾರ್ಚ್ ತಿಂಗಳು. ಆದರೂ ಕೇಳಿದ್ದೇನೆ.

ನಿನ್ನ ಒಳ್ಳೆಯದನ್ನೇ ಬಯಸುವ,
ನಿನ್ನ ಅಮ್ಮ
ದುಗ್ಗಮ್ಮ

ಮರೆತ ಮಾತು: ಅಂಚೆಗೆ ಹೋಗುವ ಅವಸರ, ಬಸ್ಸು ಬರುವ ಹೊತ್ತು. ಸಮನ್ಸ್ ನನಗೂ ಬಂದಿದೆ. ನನಗೆ ಯಾರೂ ಪಾಠ ಮಾಡಲಿಲ್ಲ. ಹೆತ್ತವಳು ಬೇರೆ ಏನು ಹೇಳಿಯಾಳು ಎಂದು ಬಿಟ್ಟಿದ್ದಾರೆ. ಅಪ್ಪನಿಗಿಂತ ಮೊದಲು ನನ್ನನ್ನು ಕರೆಯಿರಿ ಎಂದು ಸರ್ಕಾರಿ ವಕೀಲರ ಹತ್ತಿರ ಹೋಗಿ ಕೇಳಿಕೊಂಡೆ, ಆಗಲಿ ಎಂದಿದ್ದಾರೆ. ಆ ಕತ್ತಿ ನನ್ನ ಗಂಡ ಮಾಡಿದ್ದು, ಮದುವೆಯ ದಿನ ನಿನ್ನ ಕೈಗೆ ನಾನೇ ಕೊಟ್ಟದ್ದು, ಶೈಲೇಶ ಸಾಯುವ ದಿನ ಬೆಳಿಗ್ಗೆ ನೀನು ಅದನ್ನು ಕಿಸೆಗೆ ಹಾಕಿಕೊಂಡದ್ದನ್ನು ನಾನು ನೋಡಿದ್ದು ಎಂದು ಹೇಳುತ್ತೇನೆ. ಅವನು ಅಡಿಗೆಮನೆ ಬಾಗಿಲಲ್ಲಿ ಹೇಳಿದ್ದನ್ನೂ ಹೇಳುತ್ತೇನೆ, ಅವನ ಅಮ್ಮ ಅಲ್ಲಿ ಕೂತು ಕೇಳಲಿ. ಜಜ್ಜಿದ ಆ ಕತ್ತಿಯನ್ನು ಹತ್ತು ಜನರ ಎದುರು ಎತ್ತಿ ಹಿಡಿದು ‘ಇದು ನನ್ನ ಕೆಲಸ’ ಎಂದು ನಿನ್ನ ಅಪ್ಪನಿಂದ ಹೇಳಿಸಲು ನಾನು ಬಿಡುವುದಿಲ್ಲ. ಬೇಕಾದರೆ ನಿನ್ನ ವಕೀಲರಿಗೆ ತಿಳಿಸು. ಎದುರು ಬಂದೇ ಹೇಳಬೇಕೆಂದಿದ್ದೆ ಮಗಾ. ಆದರೆ ನಿನ್ನ ಮುಖ ಕಂಡರೆ ನನ್ನಿಂದ ಆಗುವುದಿಲ್ಲ. ಅದಕ್ಕೇ ಕಾಗದ.